ಕೈಗವಸಿನ ತೊಗಲು

ಚರಿತ್ರೆಯನ್ನು ಬೋಧಿಸುವವರಿಗೆ ಕೈಗವಸಿನ ಗೊಡವೆ ಏತಕ್ಕೆ ಎಂದು ಶ್ರೋತೃಗಳಲ್ಲಿ ಕೆಲವರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಬಳ್ಳಾರಿ ಸೀಮೆಯ ವಿಷಯವಾಗಿ ಮಾತನಾಡಲು ಹೊರಟವರು ಅಲ್ಲಿನ ಬಂಡೆಗುಡ್ಡವನ್ನೂ ಅದರ ಮೇಲಿನ ಕೋಟೆಯನ್ನೂ, ಕುರುಗೋಡಿನ ಸಿಂದ ಅರಸರನ್ನೂ, ಸಿರುಗುಪ್ಪದ ತುಂಗಭದ್ರಾ ಕಾಲುವೆಗಳನ್ನೂ ವರ್ಣಿಸುವುದು ವಾಡಿಕೆ. ನಾವೂ ಅಂಥ ಉದ್ದೇಶದಿಂದಲೇ ಒಮ್ಮೆ ನಾಲ್ಕೈದು ಮಂದಿ ವಿದ್ಯಾರ್ಥಿಗಳೊಡನೆ ಕುರುಗೋಡಿಗೆ ಹೋಗಿದ್ದೆವು. ಬೆಟ್ಟದ ಬುಡದ ಒಂದು ಹೊಲದ ಬದುವಿನಲ್ಲಿ ಶಾಸನದ ಕಲ್ಲೊಂದು ಮುಳ್ಳಿನೊಳಗೆ ಹುದುಗಿದೆಯೆಂದು ಯಾರೋ ಹೇಳಿದ್ದರು. ಮುಳ್ಳೆಂದರೆ ಬಳ್ಳಾರಿ ಜಾಲಿ. ಅದರ ಪರಿಚಯವುಳ್ಳವರು ಬರಿಗೈಯಲ್ಲಿ ಅದರ ತಂಟೆಗೆ ಹೋಗುವುದಿಲ್ಲ. ಆದಕಾರಣ ಹಿಂದಿನ ದಿನ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಕಂದುಬಣ್ಣದ, ನುಣ್ಣಗಿನ ಒಂದು ಜೊತೆ ತೊಗಲಿನ ಕೈಗವಸನ್ನು, ಬಣ್ಣಕ್ಕೆ ಮರುಳಾಗಿ, ಕೊಂಡುಕೊಂಡೆವು.

ಮೂರು ಗಂಟೆಗಳ ಕಾಲ ಮುಳ್ಳನ್ನು ಕಡಿದೆವು. ಕಲ್ಲು ಸಿಕ್ಕಿತು. ಅದರ ಮೇಲೆ ಅಕ್ಷರಗಳಿರಲಿಲ್ಲ. ಕೈಗವಸು ಮಾತ್ರ ಬೆವರು, ಕೆಸರು, ಜಾಲಿಯ ರಸ ಎಲ್ಲವನ್ನೂ ಕುಡಿದು ಭಾರವಾಗಿತ್ತು. ಮನೆಗೆ ಬಂದು ಅದನ್ನು ಬಟ್ಟೆಯ ಸೋಪಿನ ಪುಡಿಯಲ್ಲಿ ಉಜ್ಜಿ ತೊಳೆದು, ಮಾಳಿಗೆಯ ಮೇಲೆ ವೈಶಾಖದ ಬಿಸಿಲಿಗೆ ಹರವಿದೆವು. ಸಂಜೆ ನೋಡಿದರೆ ಅದು ಹೆಂಚಿನಂತೆ ಬಿಗಿದಿತ್ತು. ಬೆರಳು ತೂರಿಸಲು ಹೋದರೆ ಬಿರುಕು ಬಿಟ್ಟಿತು. ಮಾರನೆಯ ವಾರ ಕುರುಗೋಡಿಗೆ ಮತ್ತೆ ಹೋಗಬೇಕಾದಾಗ ಅದನ್ನು ಜೊತೆಯಲ್ಲಿ ಕೊಂಡುಹೋಗಿ, ಮರದ ನೆರಳಿನಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ಅದನ್ನು ತಿರುವಿ ತಿರುವಿ ನೋಡಿ, ನಮ್ಮನ್ನೂ ಒಮ್ಮೆ ನೋಡಿ ಹೇಳಿದ್ದು ಇಷ್ಟು: “ಮೇಷ್ಟ್ರೇ, ಇದನ್ನ ಸೋಪಿನಾಗ ತೊಳದು ಬಿಸಿಲಿಗೆ ಹಾಕೀರೇನು? ತೊಗಲಂದ್ರ ಲುಂಗಿ ಅಲ್ರಿ.”

ಈ ಭಾಷಣಕ್ಕೆ ಮೂಲ ಆ ಮಾತೇ. ಆ ಹಿರಿಯರ ಹೆಸರನ್ನು ಕೇಳಿ ಬರೆದುಕೊಂಡಿದ್ದೇವೆ. ಅವರ ಇಷ್ಟದಂತೆ ಇಲ್ಲಿ ಹೇಳುವುದಿಲ್ಲ. ಇಂಗ್ಲೀಷ್ ವಿದ್ಯೆ ಕಲಿತ ನಮಗೆ, ಷೇಕ್ಸ್‌ಪಿಯರ್ ಕವಿಯ ತಂದೆ ಸ್ಟ್ರಾಟ್‌ಫರ್ಡ್ ಊರಿನಲ್ಲಿ ಬಿಳಿ ತೊಗಲನ್ನು ಹದಮಾಡಿ ಕೈಗವಸು ಹೊಲಿಯುತ್ತಿದ್ದನೆಂಬ ಸಂಗತಿ ಕಾಲೇಜಿನ ದಿನಗಳಿಂದ ಬಾಯಿಪಾಠವಾಗಿದೆ. ನಮ್ಮ ಅಜ್ಜನ ಬಾವಿಗೆ ತೊಗಲಿನ ಬಾನಿಯನ್ನು ಹೊಲಿದುಕೊಟ್ಟವರು ಯಾರೆಂದು ನಾವು ಒಮ್ಮೆಯೂ ಕೇಳಿರಲಿಲ್ಲ.

ಬಳ್ಳಾರಿ ಸೀಮೆಗೂ ತೊಗಲಿಗೂ ಇರುವ ಸಂಬಂಧ ಅರಸರ ಚರಿತ್ರೆಗಿಂತ ಬಹಳ ಹಿಂದಿನದು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು, ಹೊಸಪೇಟೆಯ ದಾರಿಯ ಕುಡತಿನಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಇವೆಲ್ಲ ನವಶಿಲಾಯುಗದ ಜನರ ನೆಲೆಗಳು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗುಡ್ಡಗಳನ್ನು ಅಲೆದು ನಯಗೊಳಿಸಿದ ಕಲ್ಲುಕೊಡಲಿಗಳನ್ನು ಸಂಗ್ರಹಿಸಿದನು. ಸುಬ್ಬರಾಯರು ಸಂಗನಕಲ್ಲಿನಲ್ಲಿ ಅಗೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ತೆಕ್ಕಲಕೋಟೆಯ ಉತ್ಖನನವನ್ನು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದರು. ಕುಡತಿನಿಯ ದೊಡ್ಡ ಬೂದಿದಿಬ್ಬ ಯಾವ ರಾಕ್ಷಸನ ಚಿತೆಯೂ ಅಲ್ಲ; ದನಗಳ ಸಗಣಿ ರಾಶಿರಾಶಿಯಾಗಿ ಉರಿದು ಉಳಿದ ಬೂದಿಯೆಂಬುದು ಈಗ ಸ್ಥಿರಪಟ್ಟಿದೆ. ಹೀಗೆ ದನಗಳ ನಡುವೆ ಬದುಕಿ, ಅವುಗಳ ಮಾಂಸವನ್ನು ತಿಂದ ಜನರು ತೊಗಲನ್ನು ಬಿಸಾಡಿರಲಾರರು. ಆದರೆ ತೊಗಲಿಗೆ ಕಲ್ಲಿನ ಆಯುಷ್ಯವಿಲ್ಲ. ಅದನ್ನು ಹೆರೆದ ಕಲ್ಲಿನ ಚಕ್ಕೆಗಳು ಉಳಿದಿವೆ, ಹೆರೆದ ಕೈಗಳಾಗಲಿ ತೊಗಲಾಗಲಿ ಉಳಿದಿಲ್ಲ.

ಕೈಗೆ ತೊಗಲನ್ನು ಕಟ್ಟಿಕೊಳ್ಳುವ ಯುಕ್ತಿ ಭಾರತೀಯರಿಗೆ ಹೊಸತೇನಲ್ಲ. ಋಗ್ವೇದದಲ್ಲಿಯೇ ‘ಹಸ್ತಘ್ನ’ವೆಂಬ ಸಾಧನದ ಮಾತು ಬರುತ್ತದೆ. ಬಿಲ್ಲಿನ ಹೆದೆ ಹಿಂದಕ್ಕೆ ಚಿಮ್ಮಿ ಹೊಡೆಯುವಾಗ ಮುಂಗೈಯನ್ನು ಕಾಯುವ ಪಟ್ಟಿ ಅದು. ಇತಿಹಾಸ ಕಾವ್ಯಗಳಲ್ಲಿ ವೀರರು ‘ಗೋಧಾಂಗುಲಿತ್ರಾಣ’ವನ್ನು, ಎಂದರೆ ಉಡದ ತೊಗಲಿನ ಬೆರಳುಗಾಪನ್ನು, ಧರಿಸುತ್ತಾರೆ. ಗ್ರೀಕರ ಕಡೆ ನೋಡಿದರೆ, ಹೋಮರನ ಒಡಿಸ್ಸಿ ಕಾವ್ಯದ ಕೊನೆಯ ಭಾಗದಲ್ಲಿ ಮುದುಕನಾದ ಲೇಯರ್ಟೀಸನು ತೋಟದಲ್ಲಿ ಮುಳ್ಳಿನ ಭಯದಿಂದ ಕೈಗವಸು ತೊಟ್ಟು ಗಿಡದ ಪಾತಿಯನ್ನು ಅಗೆಯುತ್ತಿರುತ್ತಾನೆ. ಅವನೂ ಅರಸುಮನೆತನದವನೇ, ಆದರೂ ಆ ಗವಸು ಯುದ್ಧದ್ದಲ್ಲ, ದುಡಿಮೆಯದು. ನಮ್ಮಲ್ಲಿ ಕೈಗಾಪು ಬಿಲ್ಲುಗಾರನ ಕೈಯನ್ನು ಬಿಟ್ಟು ಕುಡುಗೋಲು ಹಿಡಿದವರ ಕೈಗೆ ಇಳಿದುಬರಲು ಬಹುಕಾಲ ಬೇಕಾಯಿತು.

ಕುರುಗೋಡಿನಲ್ಲಿ ಸಿಂದರು ಕಲ್ಯಾಣದ ಚಾಳುಕ್ಯರ ಮಾಂಡಲಿಕರಾಗಿ ಆಳುತ್ತಿದ್ದ 12ನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ಕಾಯಕದ ಮಾತನ್ನು ಎತ್ತಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂಬ ಹೆಸರುಗಳಲ್ಲಿ ತೊಗಲಿನ ಕಸುಬು ಮರೆಯಾಗದೆ ಮುಂದೆಯೇ ನಿಂತಿದೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಯನ್ನು ಮಾಡಿದರೆಂಬ ಕಥೆ ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧ. ಕಥೆಯನ್ನು ಕೇಳಿ ಕೈಮುಗಿದ ಊರುಗಳು, ಕಸುಬಿನವರನ್ನು ಮಾತ್ರ ಊರ ಹೊರಗೇ ಇರಿಸಿದವು. ಅವರು ಹದಮಾಡಿದ ತೊಗಲು ಊರೊಳಗೆ ಬರಬಹುದಾಗಿತ್ತು, ಹದಮಾಡಿದವರು ಬರುವಂತಿರಲಿಲ್ಲ.

ಹಾಗೆ ಊರೊಳಗೆ ಬಂದ ತೊಗಲಿನ ಸಾಮಾನುಗಳು ಎಷ್ಟು ಬಗೆ! ಕಾಲಿಗೆ ಕೆರ, ನೊಗಕ್ಕೆ ಮಿಣಿ, ಎತ್ತಿಗೆ ಬಾರುಕೋಲು, ಹಬ್ಬಕ್ಕೆ ಹಲಗೆ, ಕಮ್ಮಾರನ ಕುಲುಮೆಗೆ ತಿದಿ. ಸೊಂಡೂರಿನ ಗುಡ್ಡಗಳ ಅದಿರನ್ನು ಕರಗಿಸುತ್ತಿದ್ದ ಹಳೆಯ ಚಿಕ್ಕ ಕುಲುಮೆಗಳಿಗೂ ಉಸಿರು ಕೊಡುತ್ತಿದ್ದುದು ತೊಗಲಿನ ತಿದಿಯೇ. ಸೀಮೆಯ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂದ ಮೇಲೆ ಆ ಕುಲುಮೆಗಳು ಆರಿದವು. ಇವೆಲ್ಲಕ್ಕಿಂತ ದೊಡ್ಡದು, ಬೆಲೆಯುಳ್ಳದ್ದು, ಕಪಿಲೆಯ ಬಾನಿ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾವಿಯಿಂದ ಮೇಲೇರಿ, ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆಯಿಂದ ತೊಟ್ಟಿಗೆ ನೀರು ಸುರಿಯುತ್ತಿದ್ದ ಚೀಲ ಅದು. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಹರಿದ ಮೇಲೆ, ಆ ಬಳಿಕ ಹೊಲಹೊಲಕ್ಕೆ ವಿದ್ಯುತ್ ಪಂಪು ಬಂದ ಮೇಲೆ, ಕಪಿಲೆ ಕಣ್ಮರೆಯಾಯಿತು. ಕುರುಗೋಡಿನ ಆ ಹಿರಿಯರು ಬಾಲ್ಯದಲ್ಲಿ ತಂದೆಯ ಜೊತೆಗೆ ಬಾನಿಯನ್ನು ದುರಸ್ತಿ ಮಾಡಿದವರು.

ಅವರಿಂದ ನಾವು ಕೇಳಿದ ಬಾನಿಯ ಉಪಚಾರ ಹೀಗಿತ್ತು. ಹೊಸ ಬಾನಿಗೆ ಔಡಲೆಣ್ಣೆಯನ್ನು ಅಂಗೈಯಲ್ಲಿ ತೆಗೆದುಕೊಂಡು ತೊಗಲು ಇನ್ನು ಬೇಡವೆನ್ನುವವರೆಗೆ ತಿಕ್ಕಬೇಕು. ಬಾವಿಯ ಕೆಲಸವಿಲ್ಲದ ದಿನಗಳಲ್ಲಿ ಅದನ್ನು ಬಿಸಿಲಿನಲ್ಲಿ ಬಿಡದೆ, ನೆಲಕ್ಕೂ ತಾಗಿಸದೆ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಮಡಿಕೆ ಬಿದ್ದ ಕಡೆ ಮೊದಲು ಬಿರಿಯುವುದರಿಂದ ಮಡಿಸಕೂಡದು. ಮತ್ತೆ ಬಾವಿಗೆ ಇಳಿಸುವ ಮುನ್ನ ನೀರಿನಲ್ಲಿ ನೆನೆಯಲು ಬಿಡಬೇಕು. “ತೊಗಲು ನೀರೂ ಕುಡಿತೈತಿ, ಎಣ್ಣೀನೂ ಕುಡಿತೈತಿ. ಎರಡೂ ನಿದಾನಕ್ಕ ಕೊಡಬೇಕು, ನಿದಾನಕ್ಕ ಆರಿಸಬೇಕು” ಎಂದರು. ರಸಾಯನಶಾಸ್ತ್ರದ ಗ್ರಂಥದಲ್ಲಿ ಇದೇ ಮಾತು ನಾಲ್ಕು ಪುಟಗಳಲ್ಲಿ ಸಿಗುತ್ತದೆ. ತೊಗಲಿನ ಎಳೆಗಳ ನಡುವಣ ಎಣ್ಣೆಯಂಶ ಹೋದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ಎಳೆ ಬಾಗುವುದಿಲ್ಲ, ಮುರಿಯುತ್ತದೆ. ನಮ್ಮ ಸೋಪಿನ ಪುಡಿ ಎಣ್ಣೆಯನ್ನು ತೆಗೆಯಿತು, ವೈಶಾಖದ ಬಿಸಿಲು ಅಂಟಿಸಿತು.

ಇಷ್ಟೆಲ್ಲ ಸಾಮಾನುಗಳನ್ನು ಮಾಡಿದವರ ಕೈಗೆ ಮಾತ್ರ ಗವಸಿರಲಿಲ್ಲ. ಹಸಿ ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ಕೂದಲು ಸಡಿಲವಾಗುವವರೆಗೆ ನೆನೆಹಾಕಿ, ಕೂದಲನ್ನೂ ಒಳಗಡೆಯ ಮಾಂಸವನ್ನೂ ಹೆರೆದು, ಸುಣ್ಣ ಹೋಗುವಂತೆ ತೊಳೆದು, ತಂಗಡಿ ಗಿಡದ ತೊಗಟೆಯ ಕಷಾಯದಲ್ಲಿ ಹದಕ್ಕೆ ಹಾಕುತ್ತಿದ್ದರು. ಹಳ್ಳಿಗಳಲ್ಲಿ ಇನ್ನೊಂದು ಕ್ರಮವೂ ಇತ್ತು: ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ತೊಗಟೆಯನ್ನೂ ನೀರನ್ನೂ ತುಂಬಿ, ಮರದ ಕೊಂಬೆಗೆ ತೂಗುಹಾಕುವುದು, ರಸ ಒಳಗಿನಿಂದ ಹೊರಕ್ಕೆ ಜಿನುಗುತ್ತ ತಾನೇ ಹದ ಕೊಡುತ್ತಿತ್ತು. ಈ ಕೆಲಸವೆಲ್ಲ ಬರಿಗೈಯಲ್ಲಿಯೇ. ಸುಣ್ಣ ಅಂಗೈಯನ್ನು ಸೀಳುತ್ತಿತ್ತು, ತಂಗಡಿಯ ರಸ ಸೀಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತಿತ್ತು. ತಂಗಡಿಯ ಹಳದಿ ಹೂವನ್ನು ಬಳ್ಳಾರಿ ಸೀಮೆಯ ಬಯಲಿನಲ್ಲಿ ನೋಡದವರಿಲ್ಲ. ಇದೇ ತೊಗಟೆಯಿಂದ ಹದಗೊಂಡ ತೊಗಲು ಮದರಾಸಿನ ರೇವಿನಿಂದ ಹಡಗೇರಿ ಲಂಡನ್ನಿನ ಪೇಟೆಗೆ ಹೋಗುತ್ತಿತ್ತು.

1876ರಿಂದ 1878ರವರೆಗಿನ ದೊಡ್ಡ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅನುಭವಿಸಿದ ಸಂಕಟವನ್ನು ಇಲ್ಲಿ ವಿಸ್ತರಿಸಲಾರೆವು. ಮೇವಿಲ್ಲದೆ, ನೀರಿಲ್ಲದೆ ದನಗಳು ಬಿದ್ದವು. ಬಿದ್ದ ದನಗಳ ತೊಗಲು ಗಾಡಿಯಲ್ಲಿ, ರೈಲಿನಲ್ಲಿ ಮದರಾಸಿಗೆ ಹೋಯಿತು. ಮಳೆ ಬೆಳೆಗಳಿಲ್ಲದ ಆ ವರ್ಷಗಳಲ್ಲಿ ಆ ರೇವಿನಿಂದ ರಫ್ತಾದ ತೊಗಲಿನ ರಾಶಿ ಮಾತ್ರ ಹೆಚ್ಚಿತು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ, 1877ರ ಸುಮಾರಿಗೆ, ಬರವನ್ನು ತಾಳಬಲ್ಲ ಸೌದೆಯ ಗಿಡವೆಂದು ಅಮೆರಿಕಾ ಖಂಡದಿಂದ ಒಂದು ಜಾಲಿಯ ಬೀಜವನ್ನು ನಮ್ಮ ದೇಶಕ್ಕೆ ತರಿಸಿದರು. ಅದೇ ಈಗಿನ ಬಳ್ಳಾರಿ ಜಾಲಿ. ಊರಿನ ಹೆಸರು ಅದಕ್ಕೆ ಎಷ್ಟು ಬಲವಾಗಿ ಅಂಟಿಕೊಂಡಿದೆಯೆಂದರೆ, ಅದು ಪರದೇಶದ್ದೆಂದರೆ ಬಳ್ಳಾರಿಯವರೇ ನಂಬುವುದಿಲ್ಲ. ತೊಗಲು ಹೊರಟುಹೋದ ದಿನಗಳಲ್ಲಿಯೇ ಮುಳ್ಳು ಬಂದು ಸೇರಿತು.

ಬಳ್ಳಾರಿ ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತಷ್ಟೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಅಧಿಕಾರಿ ಕ್ರೋಮ್ ಹದದ ಪ್ರಯೋಗಗಳನ್ನು ಆರಂಭಿಸಿದನು. ಆಧಿಪತ್ಯದ ತೊಗಲಿನ ಕಸುಬನ್ನು ಕುರಿತು ಅವನು ಬರೆದ ವರದಿ 1904ರಲ್ಲಿ ಪ್ರಕಟವಾಯಿತು. ಮುಂದೆ 1912ರಿಂದ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿದ್ದನೆಂಬುದನ್ನು ನಮ್ಮ ಶ್ರೋತೃಗಳಲ್ಲಿ ಕೆಲವರು ಬಲ್ಲರು. ಕ್ರೋಮಿಯಂ ಲವಣದಿಂದ ತೊಗಲನ್ನು ಹದಮಾಡಬಹುದೆಂದು 1858ರಲ್ಲಿ ಕ್ನಾಪ್ ಎಂಬ ಜರ್ಮನ್ ವಿದ್ವಾಂಸನು ತೋರಿಸಿದ್ದನು. 1884ರಲ್ಲಿ ಷುಲ್ಟ್ಸ್, 1893ರಲ್ಲಿ ಡೆನ್ನಿಸ್ ಅಮೆರಿಕೆಯಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಇದನ್ನು ಚಾಟರ್ಟನ್ನನು ಮದರಾಸಿಗೆ ತಂದುದು ಬೂಟಿಗಾಗಿ ಮಾತ್ರವಲ್ಲ, ಬಾವಿಯ ತೊಗಲಿನ ಬಾನಿಗಾಗಿ. ತೊಗಟೆಯ ಹದ ದಿನವೂ ನೀರಿನಲ್ಲಿ ಮುಳುಗಿದರೆ ಕ್ರಮೇಣ ಕರಗಿಹೋಗುವುದು. ಕ್ರೋಮಿನ ಹದ ನೀರಿಗೆ ಹೆದರುವುದಿಲ್ಲ.

ಕ್ರೋಮಿನ ತೊಗಲು ನೀರಿಗೆ ಹೇಗೋ ಬೆಂಕಿಗೂ ಹಾಗೆಯೇ ಹೆಚ್ಚು ತಾಳುವುದೆಂಬುದು ಕೈಗವಸಿನ ಚರಿತ್ರೆಯಲ್ಲಿ ಮುಖ್ಯವಾದ ಮಾತು. ತೊಗಟೆಯಿಂದ ಹದಗೊಂಡ ತೊಗಲನ್ನು ನೀರಿನಲ್ಲಿ ಕಾಯಿಸುತ್ತ ಹೋದರೆ 70ರಿಂದ 85 ಡಿಗ್ರಿ ಸೆಂಟಿಗ್ರೇಡಿನೊಳಗೆ ಮುದುಡಿ ಗಟ್ಟಿಯಾಗುವುದು. ಚೆನ್ನಾಗಿ ಕ್ರೋಮಿನ ಹದ ಕುಡಿದ ತೊಗಲು ಕುದಿಯುವ ನೀರನ್ನೂ ತಾಳುವುದು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿದ್ದು, ಬಹುಕಾಲ ಕಲ್ಲು ಕಲ್ಲಾಗಿಯೇ ಉಳಿದು, 1990ರ ದಶಕದಲ್ಲಿ ಖಾಸಗಿ ಬಂಡವಾಳದಿಂದ ಕಾರ್ಖಾನೆ ಎದ್ದಿತು. ಬಳ್ಳಾರಿಯ ಸುತ್ತಲೂ ಸ್ಪಾಂಜ್ ಕಬ್ಬಿಣದ ಚಿಕ್ಕ ಕಾರ್ಖಾನೆಗಳು ಹುಟ್ಟಿದವು. ಬೆಸುಗೆಯ ಅಂಗಡಿಗಳು ರಸ್ತೆರಸ್ತೆಗೂ ಬಂದವು. ಸೊಂಡೂರಿನ ಅದಿರು ಹೀಗೆ ಮತ್ತೆ ಬೆಂಕಿ ಕಂಡಾಗ, ತೊಗಲು ತಿದಿಯ ರೂಪವನ್ನು ಬಿಟ್ಟು ಕೈಗವಸಿನ ರೂಪದಲ್ಲಿ ಕುಲುಮೆಯ ಬಳಿಗೆ ಮರಳಿತು. ಆದರೆ ಈ ಕೈಗವಸುಗಳು ಬಹುಮಟ್ಟಿಗೆ ಕಲ್ಕತ್ತೆಯ ಕಡೆಯಿಂದಲೋ ತಮಿಳುನಾಡಿನಿಂದಲೋ ಬರುವಂಥವು. ತಂಗಡಿಯ ತೊಗಟೆ ಕುಟ್ಟುತ್ತಿದ್ದ ಮನೆಗಳಿಗೆ ಈ ವ್ಯಾಪಾರದಲ್ಲಿ ಪಾಲಿಲ್ಲ. ಅವರ ಮಕ್ಕಳು ಇವುಗಳನ್ನು ತೊಟ್ಟು ಬೆಸುಗೆ ಹಾಕುತ್ತಿರುವುದನ್ನು ಮಾತ್ರ ಕಂಡಿದ್ದೇವೆ.

ಈಗ ಕೊಳ್ಳುವ ಮಾತಿಗೆ ಬರೋಣ. ಅಂಗಡಿಯಲ್ಲಿ ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ಕತ್ತರಿಸಿದ ಅಂಚನ್ನು. ಅಂಚಿನ ಒಳಮೈ ನೀಲಿಬೆರೆತ ಬೂದುಬಣ್ಣವಾಗಿದ್ದರೆ ಬಹುಶಃ ಅದು ಕ್ರೋಮಿನದು. ಉದ್ದಕ್ಕೂ ಕಂದಾಗಿದ್ದರೆ ತೊಗಟೆಯದಿರಬಹುದು. ಒಲೆ, ಕುಲುಮೆ, ಬೆಸುಗೆಯ ಕೆಲಸಕ್ಕೆ ಎರಡನೆಯದು ಸಲ್ಲದು. ಆ ಮೇಲೆ ಪದರದ ವಿಚಾರ. ದನದ ತೊಗಲು ದಪ್ಪವಾದುದರಿಂದ ಯಂತ್ರದಲ್ಲಿ ಅದನ್ನು ಅಡ್ಡಕ್ಕೆ ಸೀಳುತ್ತಾರೆ. ಕೂದಲಿದ್ದ ಮೇಲ್ಪದರ ನುಣುಪು, ಎಳೆಗಳು ಒತ್ತಾಗಿ ಹೆಣೆದಿರುವುದರಿಂದ ಬಲವೂ ಹೆಚ್ಚು. ಒಳಪದರ ಎರಡು ಕಡೆಯೂ ಜುಂಗುಜುಂಗಾಗಿರುತ್ತದೆ; ಬೆಲೆ ಕಡಿಮೆ, ಒಣ ವಸ್ತುವನ್ನು ಹಿಡಿಯಲು ಹಿಡಿತ ಚೆನ್ನ, ಕಿಡಿ ಬಿದ್ದರೆ ಮೇಲಿನ ಜುಂಗು ಮಾತ್ರ ಕರಕಾಗುತ್ತದೆ. ಬೆಸುಗೆಯವರ ಉದ್ದತೋಳಿನ ಗವಸು ಬಹುತೇಕ ಈ ಒಳಪದರದ್ದೇ. ಒಂದೇ ತೊಗಲಿನಲ್ಲಿಯೂ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲು. ಅಂಗೈ ಭಾಗವನ್ನು ಎರಡು ಕೈಗಳಿಂದ ಹಿಡಿದೆಳೆದಾಗ ರಬ್ಬರಿನಂತೆ ಹಿಗ್ಗಿದರೆ ಹೊಟ್ಟೆಯ ತೊಗಲನ್ನು ಹಾಕಿದ್ದಾರೆಂದು ತಿಳಿಯಬಹುದು.

ಪ್ರಾಣಿಗೊಂದು ಗುಣವುಂಟು. ಎಮ್ಮೆಯ ತೊಗಲು ಒರಟು, ದಪ್ಪ. ಕಲ್ಲು, ತಂತಿಬೇಲಿ, ಇಟ್ಟಿಗೆ ಇವುಗಳ ಉಜ್ಜಾಟಕ್ಕೆ ಒಳ್ಳೆಯದು. ಹಸುವಿನದು ಎಲ್ಲ ಕೆಲಸಕ್ಕೂ ಮಧ್ಯಮ. ಆಡಿನ ತೊಗಲು ತೆಳುವಾದರೂ ಬಿಗಿಯಾದದ್ದು. ಮೊಳೆ, ತಿರುಪು, ಸೂಕ್ಷ್ಮವಾದ ಬೆಸುಗೆ ಇವಕ್ಕೆ ಬೆರಳು ಆಡಬೇಕಾದಲ್ಲಿ ಅದೇ ಸರಿ. ಕುರಿಯದು ರೇಷ್ಮೆಯಂತೆ ಮೃದು, ಆದರೆ ಬಾಳಿಕೆ ಕಡಿಮೆ. ಪಾಶ್ಚಾತ್ಯ ದೇಶಗಳಲ್ಲಿ ಹಂದಿಯ ತೊಗಲನ್ನೂ ಬಳಸುತ್ತಾರೆ. ಅದರ ಕೂದಲಿನ ರಂಧ್ರಗಳು ಮೂರುಮೂರಾಗಿ ಕಾಣುತ್ತವೆ, ನೆನೆದು ಒಣಗಿದರೂ ಅದು ಬೇಗ ಬಿಗಿಯುವುದಿಲ್ಲ. ಬಳ್ಳಾರಿ ಜಾಲಿಗೆ ಯಾವುದು? ಯುರೋಪಿನ ಇ.ಎನ್. 388 ಎಂಬ ಮಟ್ಟದ ಗುರುತಿರುವ ಗವಸಿನ ಮೇಲೆ ಸುತ್ತಿಗೆಯ ಚಿತ್ರದ ಕೆಳಗೆ ಸಾಲಾಗಿ ಅಂಕಿಗಳಿರುತ್ತವೆ: ಉಜ್ಜಾಟ, ಕೊಯ್ತ, ಹರಿತ, ಚುಚ್ಚು ಎಂಬ ನಾಲ್ಕು ಪರೀಕ್ಷೆಗಳ ಫಲ ಅವು. ನಾಲ್ಕನೆಯ ಅಂಕಿ ದೊಡ್ಡದಿದ್ದರೆ ಒಳ್ಳಿತು. ಆದರೆ ಆ ಪರೀಕ್ಷೆಯನ್ನು ದಪ್ಪ ಮೊಳೆಯಂಥ ಉಕ್ಕಿನ ಮೊನೆಯಿಂದ ಮಾಡುವರು, ಜಾಲಿಯ ಸೂಜಿಮುಳ್ಳಿನಿಂದಲ್ಲ. ನಮ್ಮ ಕೈಗೆ ಮುಳ್ಳು ಹೊಕ್ಕಿದ್ದು ಬೆರಳುಗಳ ನಡುವಣ ಹೊಲಿಗೆಯ ಜಾಗದಲ್ಲಿ. ಭಾರತೀಯ ಮಾನಕಗಳಲ್ಲಿಯೂ ತೊಗಲು ಮತ್ತು ಹತ್ತಿಯ ಕೈಗವಸಿಗೆ ಐ.ಎಸ್. 6994 ಎಂಬ ಮಾನಕ 1973ರಿಂದ ಉಂಟು. ಅಂಗಡಿಯವರನ್ನು ಅದರ ಗುರುತನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೊಲಿಗೆಯನ್ನು ಮರೆಯಕೂಡದು. ತೊಗಲು ಬೆಂಕಿಯನ್ನು ತಾಳಿದರೂ ಹತ್ತಿಯ ದಾರ ತಾಳುವುದಿಲ್ಲ. ದಾರ ಸುಟ್ಟರೆ ಗವಸು ಒಮ್ಮೆಲೇ ಬಾಯಿಬಿಡುವುದು. ಕೆವ್ಲಾರ್ ಎಂಬ ನೂಲಿನ ಮೂಲವಸ್ತುವನ್ನು 1965ರಲ್ಲಿ ಅಮೆರಿಕೆಯ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳೆ ಕಂಡುಹಿಡಿದರು. ಕುಲುಮೆಯ ಗವಸಿಗೆ ಆ ಜಾತಿಯ ದಾರವೇ ಆಗಬೇಕು. ಅಳತೆಯ ವಿಷಯದಲ್ಲಿ, ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆಯನ್ನು ಗೆಣ್ಣುಗಳ ಬಳಿ ಅಂಗುಲಗಳಲ್ಲಿ ತೆಗೆದರೆ ಸುಮಾರಾಗಿ ಅದೇ ಗವಸಿನ ಸಂಖ್ಯೆ. ಫ್ರಾನ್ಸಿನ ಗ್ರನೋಬ್ಲ್ ಪಟ್ಟಣದ ಝವಿಯೇ ಜೂವೇನ್ ಎಂಬವನು ಕೈಗವಸಿಗೆ ಅಳತೆಗಳ ಕ್ರಮವನ್ನು 1834ರಲ್ಲಿಯೇ ಗೊತ್ತುಮಾಡಿದನು. ಅಷ್ಟಾದರೂ ಬಳ್ಳಾರಿಯಲ್ಲಿ ನಮಗೆ ‘ಒಂದೇ ಸೈಜು ಬರೋದು ಸಾರ್’ ಎಂದರು. ದೊಡ್ಡ ಗವಸಿನ ತುದಿ ಬೆರಳಿಗಿಂತ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೆಂಗಸರ ಕೈಗಂತೂ ಅದು ಗವಸಲ್ಲ, ಚೀಲ.

ಗವಸನ್ನು ತೊಡಲೇಬಾರದ ಎಡೆಗಳೂ ಉಂಟು. ತಿರುಗುವ ಯಂತ್ರದ ಬಳಿ, ಬೈರಿಗೆ, ಲೇತು, ಬೆಲ್ಟು ಇರುವ ಕಡೆ, ತೊಗಲಿನ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುವುದು. ಅಲ್ಲಿ ಬರಿಗೈಯೇ ಕ್ಷೇಮ. ವಿದ್ಯುತ್ತಿನ ಕೆಲಸಕ್ಕೆ ತೊಗಲೊಂದೇ ರಕ್ಷೆಯಲ್ಲ. ಅದಕ್ಕೆಂದೇ ಇರುವ ರಬ್ಬರಿನ ಗವಸನ್ನು ತೊಟ್ಟು, ಅದು ಹರಿಯದಂತೆ ಮೇಲೆ ತೊಗಲನ್ನು ತೊಡುವುದು ಕ್ರಮ. ಹತ್ತಿಗೂ ಮೆಣಸಿನಕಾಯಿಗೂ ಔಷಧ ಹೊಡೆಯುವಾಗ ತೊಗಲಿನ ಗವಸು ತೊಡುವುದು ಬರಿಗೈಗಿಂತಲೂ ಕೆಟ್ಟದ್ದಾಗಬಹುದು. ಬರಿಗೈಯನ್ನಾದರೆ ತೊಳೆದುಕೊಳ್ಳುತ್ತೇವೆ, ತೊಗಲು ವಿಷವನ್ನು ಕುಡಿದು ಇಟ್ಟುಕೊಂಡು ಮರುದಿನವೂ ಅಂಗೈಗೆ ತಾಗಿಸುತ್ತದೆ. ಕುರುಗೋಡಿನ ಹೊಲವೊಂದರಲ್ಲಿ ಹೀಗೆ ತೊಟ್ಟವರನ್ನು ನಾವು ಕಂಡೆವು, ಹೇಳಿದೆವು. ‘ಇದು ದುಬಾರಿದು, ಆದ್ದರಿಂದ ಇದೇ ಒಳ್ಳೇದು’ ಎಂಬ ಉತ್ತರ ಬಂದಿತು. ಔಷಧದ ಕೆಲಸಕ್ಕೆ ರಸಾಯನವನ್ನು ತಡೆಯುವ ಉದ್ದತೋಳಿನ ರಬ್ಬರಿನ ಗವಸೇ ಬೇಕು.

ಉಪಚಾರದ ಮಾತಿನಲ್ಲಿ ಕುರುಗೋಡಿನ ಹಿರಿಯರ ಬಾನಿಯ ನಿಯಮಗಳೇ ಮುಕ್ಕಾಲು ಪಾಲು ಸಾಕು. ದಿನದ ಕೆಲಸವಾದ ಮೇಲೆ ಧೂಳನ್ನು ಒಣ ಬ್ರಷ್ಷಿನಿಂದ ಝಾಡಿಸುವುದು, ಕೊಳೆಯಿದ್ದಲ್ಲಿ ಒದ್ದೆಬಟ್ಟೆಯಿಂದ ಒರಸುವುದು, ಬೆರಳುಗಳನ್ನು ನೇರಮಾಡಿ ನೆರಳಿನ ಗಾಳಿಯಲ್ಲಿ ತೂಗುಹಾಕುವುದು. ಬೆವರಿನ ಉಪ್ಪು ತೊಗಲಿನ ಶತ್ರು. ಒಳಗೆ ತೆಳ್ಳನೆಯ ಹತ್ತಿಯ ಗವಸನ್ನು ತೊಟ್ಟರೆ ಅದನ್ನು ಒಗೆಯಬಹುದು, ತೊಗಲಿಗೆ ತೊಂದರೆಯಿಲ್ಲ. ಬಳ್ಳಾರಿಯ ಬಿಸಿಲಿನ ವಿಷಯದಲ್ಲಿ ಇನ್ನೊಂದು ಕಾರಣವೂ ಉಂಟು. ಕ್ರೋಮಿನ ತೊಗಲಿನಲ್ಲಿರುವ ಕ್ರೋಮಿಯಂ ಸಾಮಾನ್ಯವಾಗಿ ನಿರುಪದ್ರವಿಯಾದ ರೂಪದಲ್ಲಿರುತ್ತದೆ. ಅತಿಯಾದ ಶಾಖ, ಒಣ ಹವೆ, ಪ್ರಖರವಾದ ಬಿಸಿಲು, ಸೋಡಾದಂಥ ಕ್ಷಾರ, ಇವುಗಳಿಂದ ಅದರ ಅಲ್ಪಾಂಶ ಚರ್ಮಕ್ಕೆ ಕಜ್ಜಿಯುಂಟುಮಾಡುವ ಇನ್ನೊಂದು ರೂಪಕ್ಕೆ ತಿರುಗಬಹುದು. ಚರ್ಮಕ್ಕೆ ತಾಗುವ ತೊಗಲಿನ ಸಾಮಾನುಗಳಲ್ಲಿ ಆ ರೂಪದ ಕ್ರೋಮಿಯಂ ಕಿಲೋಗ್ರಾಮಿಗೆ 3 ಮಿಲಿಗ್ರಾಮನ್ನು ಮುಟ್ಟಕೂಡದೆಂದು ಯುರೋಪಿನ ಒಕ್ಕೂಟ 2015ರಿಂದ ಕಟ್ಟುಮಾಡಿದೆ. ಗವಸು ತೊಟ್ಟ ಮೇಲೆ ಅಂಗೈ ತುರಿಸತೊಡಗಿದರೆ ಬೆವರುಸಾಲೆಯೆಂದು ಅಲಕ್ಷ್ಯಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಎಣ್ಣೆಯ ವಿಷಯದಲ್ಲಿ ಮಾತ್ರ ಬಾನಿಯ ನಿಯಮ ಕುಲುಮೆಗೆ ಹೊಂದುವುದಿಲ್ಲ. ಮುಳ್ಳು, ಕಲ್ಲು, ಬೇಲಿ ಇವುಗಳ ಗವಸಿಗೆ ಔಡಲೆಣ್ಣೆಯನ್ನು ತಿಂಗಳಿಗೊಮ್ಮೆ ಬಟ್ಟೆಯ ತುದಿಯಿಂದ ತೆಳ್ಳಗೆ ಸವರಿದರೆ ಅದು ಬಹುದಿನ ಬಾಳುವುದು. ಬೆಸುಗೆಯ ಗವಸಿಗೆ ಎಣ್ಣೆ ಸವರಿದರೆ ಕಿಡಿ ಬಿದ್ದಾಗ ಹೊತ್ತಿಕೊಳ್ಳುವುದು; ಎಣ್ಣೆಯೋ ಗ್ರೀಸೋ ಕುಡಿದ ಗವಸನ್ನು ಬೆಂಕಿಯ ಬಳಿಗೆ ಒಯ್ಯಲೇಕೂಡದು. ಹಾಗೆಯೇ ಒದ್ದೆ ಗವಸಿನಿಂದ ಕಾದ ಕಬ್ಬಿಣವನ್ನು ಹಿಡಿದರೆ ಒಳಗಿನ ನೀರು ಆವಿಯಾಗಿ ಕೈಯನ್ನು ಬೇಯಿಸುವುದು. ನಾವು ಈ ಮಾತನ್ನು ಆ ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಹೌದು ಬಿಡ್ರಿ, ತಿದಿಗೂ ಎಣ್ಣಿ ಮೂತಿ ಕಡೆ ಹಚ್ಚತಿರಲಿಲ್ಲ ನಮ್ಮಪ್ಪ” ಎಂದರು. ಬೆಂಕಿಯ ಕಡೆಯ ನಿಯಮವೂ ಅವರ ಮನೆಯಲ್ಲಿ ಇದ್ದೇ ಇತ್ತು, ಕೇಳುವವರು ಬಂದಿರಲಿಲ್ಲ.

ನಮ್ಮ ಗವಸಿನ ಗತಿಯೇನಾಯಿತೆಂದರೆ, ಅವರು ಅದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಟ್ಟು, ಎಣ್ಣೆ ತಿಕ್ಕಿ, ಬಿರಿದ ಎರಡು ಬೆರಳುಗಳಿಗೆ ಹಳೆಯ ಚಪ್ಪಲಿಯ ಮೇಲ್ಭಾಗದ ತೊಗಲಿನಿಂದ ತೇಪೆ ಹಾಕಿಕೊಟ್ಟರು. ಎಡಗೈಯದು ಬದುಕಿತು, ಬಲಗೈಯದು ಬದುಕಲಿಲ್ಲ. ಒಂಟಿ ಗವಸನ್ನು ಏನು ಮಾಡುವುದೆಂದು ಇಟ್ಟುಕೊಂಡಿದ್ದೆವು. ಆ ಮೇಲೆ ಕಬ್ಬಿನ ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ಹೋದಾಗ, ಕಬ್ಬು ಕಡಿಯುವ ಗುಂಪಿನಲ್ಲಿ ಕೆಲವರು ಎಡಗೈಗೆ ಮಾತ್ರ ಏನಾದರೊಂದನ್ನು ಸುತ್ತಿಕೊಂಡಿರುವುದು ಕಣ್ಣಿಗೆ ಬಿದ್ದಿತು. ಒಬ್ಬರಿಗೆ ಹಳೆಯ ಕಾಲುಚೀಲ, ಇನ್ನೊಬ್ಬರಿಗೆ ಸೀರೆಯ ತುಂಡು. ಬಲಗೈ ಮಚ್ಚನ್ನು ಹಿಡಿಯುತ್ತದೆ; ಎಡಗೈ ಕಬ್ಬನ್ನು ಹಿಡಿಯುತ್ತದೆ. ಗರಿಯ ಅಂಚು ಕೊಯ್ಯುವುದೂ, ಮಚ್ಚಿನ ಏಟು ತಪ್ಪಿದರೆ ಬೀಳುವುದೂ ಎಡಗೈಗೇ. ತೊಗಲಿನ ಗವಸು ಏಕೆ ಕೊಳ್ಳಲಿಲ್ಲವೆಂದು ಕೇಳಿದೆವು. ಗುಂಪಿನ ಹಿರಿಯಳೊಬ್ಬಳು, “ಎಡಗೈದಷ್ಟೇ ಕೊಡು ಅಂದ್ರ ಅಂಗಡ್ಯಾವ ಕೊಡಂಗಿಲ್ರಿ, ಎರಡರ ರೊಕ್ಕ ಕೇಳತಾನ” ಎಂದಳು. ನಮ್ಮ ತೇಪೆಯ ಎಡಗೈಗವಸು ಈಗ ಆಕೆಯ ಬಳಿ ಇದೆ. ಬೆರಳು ಒಂದು ಗೆಣ್ಣು ಉದ್ದವಾಯಿತೆಂದು ತುದಿಗೆ ದಾರ ಬಿಗಿದುಕೊಂಡಿದ್ದಳು.